ಅದಿರು, ಆನೆ, ಹದ

ಚಳ್ಳಕೆರೆ ಸೀಮೆಯ ಕಂಬಳಿಯನ್ನು ಮೊದಲು ಕೈಯಿಂದ ನೋಡಬೇಕು, ಕಣ್ಣಿನ ಸರದಿ ಆಮೇಲೆ. ಅಂಗೈಗೆ ಒರಟು, ಮೂಗಿಗೆ ಕುರಿಹಟ್ಟಿಯ ವಾಸನೆ, ಮಡಿಸಲು ಹೋದರೆ ಮೊಂಡು. ನೂಲಿಗೆ ಹುಣಸೆ ಬೀಜದ ಗಂಜಿ ಉಣಿಸಿ ನೇಯ್ದದ್ದರಿಂದ ಹೊಸತರಲ್ಲಿ ಅದು ಹಾಗೇ ಬಿಗಿದುಕೊಂಡಿರುತ್ತದೆ. ಹೊದ್ದು ಹೊದ್ದು ಹಳೆಯದಾದಂತೆ ಮೆತ್ತಗಾಗಿ ಮೈಗೆ ಹೊಂದುತ್ತದೆ. ಇದಕ್ಕೆ ಯಾರೂ ಬಣ್ಣ ಹಾಕಿಲ್ಲ. ದಖನಿ ಕುರಿಯ ಮೈಮೇಲಿದ್ದ ಕಪ್ಪೇ ಕಂಬಳಿಯ ಕಪ್ಪು. ಬಿಸಿಲಿಗೆ ಹಿಡಿದರೆ ಆ ಕಪ್ಪಿನೊಳಗೆ ಕಂದು, ಬೂದು, ಸುಟ್ಟ ಇಟ್ಟಿಗೆಯ ಕೆಂಪು ಎಳೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಹೆಂಗಸರು ನೂತು, ಗಂಡಸರು ಮಗ್ಗದಲ್ಲಿ ನೇಯ್ದ ಈ ಬಟ್ಟೆ ಮಳೆಯಲ್ಲಿ ಕೊಪ್ಪೆಯಾಗುತ್ತದೆ, ಚಳಿಯಲ್ಲಿ ಹೊದಿಕೆಯಾಗುತ್ತದೆ, ದೇವರ ಕಾರ್ಯದಲ್ಲಿ ಗದ್ದುಗೆಯಾಗುತ್ತದೆ.

ಅಲ್ಲಿಂದ ಬಳ್ಳಾರಿ ಹಾದಿ ಹಿಡಿದು ಹಾನಗಲ್ ಹತ್ತಿರ ಒಳಕ್ಕೆ ತಿರುಗಿದರೆ ಮೊಳಕಾಲ್ಮೂರು. ಇಲ್ಲಿ ಮಗ್ಗದ ಮೇಲಿರುವುದು ರೇಷ್ಮೆ. ಉಣ್ಣೆ ಎಲ್ಲಿ, ರೇಷ್ಮೆ ಎಲ್ಲಿ ಅನ್ನಿಸಬಹುದು. ಆದರೆ ಹಳೆಯ ಮೊಳಕಾಲ್ಮೂರು ಸೀರೆಯೊಂದನ್ನು ಬಿಚ್ಚಿ ಹಾಸಿ ನೋಡಿದರೆ, ಕಂಬಳಿಯನ್ನು ನೇಯ್ದ ಸೀಮೆಯ ಅಭಿರುಚಿಯೇ ಇಲ್ಲೂ ಕೆಲಸ ಮಾಡಿದೆ ಎಂದು ಗೊತ್ತಾಗುತ್ತದೆ. ಒಡಲು ಒಂದೇ ಬಣ್ಣ, ಅಲ್ಲಲ್ಲಿ ಒಂದೊಂದು ಬುಟ್ಟಾ. ಇದ್ದ ಬಣ್ಣ, ಇದ್ದ ಜರಿಯೆಲ್ಲ ಅಂಚಿಗೆ ಮತ್ತು ಸೆರಗಿಗೆ ಮೀಸಲು. ಗೋಪುರದ ಸಾಲು, ನವಿಲು, ಮಾವು ಎಲ್ಲ ಅಲ್ಲೇ. ಅಂಚಿನ ಬಣ್ಣ ಒಡಲಿನದಕ್ಕಿಂತ ಬೇರೆಯಾದರೆ ಕೈಮಗ್ಗದಲ್ಲಿ ಮೂರು ಲಾಳಿ ಬೇಕು, ಒಡಲಿಗೊಂದು, ಎರಡು ಅಂಚಿಗೆ ಎರಡು. ಪ್ರತಿ ಎಳೆಯಲ್ಲೂ ಒಡಲಿನ ನೂಲು ಅಂಚಿನ ನೂಲಿಗೆ ಕೊಂಡಿ ಹಾಕಿ ಹಿಂದಿರುಗಬೇಕು. ಆ ಕೂಡುಗೆರೆ ಎಷ್ಟು ನೇರವಾಗಿದೆ ಎಂಬುದರಲ್ಲೇ ನೇಕಾರರ ಕಸುಬು ಗೊತ್ತಾಗುತ್ತದೆ. 2011ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಮಾನ್ಯತೆ ಊರಿನ ಹೆಸರನ್ನು ಕಾಯುತ್ತದೆ. ಎಲ್ಲಿ ಬಣ್ಣ ಬೇಕು, ಎಲ್ಲಿ ಬೇಡ ಎಂಬ ವಿವೇಕವನ್ನು ಕಾಯಬೇಕಾದವರು ಮಗ್ಗದ ಮುಂದೆ ಕೂತವರೇ.

ಮಳೆ ಕಡಿಮೆಯ ಸೀಮೆ ಇದು. ಶೇಂಗಾ ಬೆಳೆದು, ಎಣ್ಣೆ ಮಿಲ್ಲುಗಳ ಊರೆಂದು ಚಳ್ಳಕೆರೆ ಹೆಸರು ಮಾಡಿದ್ದು ಕೂಡ ಇದ್ದ ಚೂರು ಹದವನ್ನು ಹಿಡಿದೇ. ಬಯಲುಸೀಮೆಯವರ ಬಾಯಲ್ಲಿ ‘ಹದ’ ಎಂದರೆ ಬಿತ್ತನೆಗೆ ಬೇಕಾದಷ್ಟು ನೆಲದ ತೇವ. ಅಷ್ಟಿದ್ದರೆ ಸಾಕು, ಹೆಚ್ಚಾದರೂ ಕೆಡುಕು. ಕಂಬಳಿಯಲ್ಲಿ, ಸೀರೆಯಲ್ಲಿ ಮೆಚ್ಚಬೇಕಾದ್ದು ಈ ಹದವನ್ನೇ: ಎಷ್ಟು ಹಾಕಬೇಕು ಎನ್ನುವುದಕ್ಕಿಂತ ಎಷ್ಟು ಬಿಡಬೇಕು ಎಂದು ತಿಳಿದಿರುವುದನ್ನು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಒಂದು ಸರ್ಕಾರಿ ಆದೇಶವಿದೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಕಳಿಸಿದ್ದು. ಅದರ ಮೊದಲ ಕೆಲಸ ಕುಶಲ ವಿಚಾರಿಸುವುದು. ತಂದೆತಾಯಿಗೆ ವಿಧೇಯತೆ, ಪ್ರಾಣಿಗಳ ವಿಷಯದಲ್ಲಿ ದಯೆ, ಮಾತಿನಲ್ಲಿ ಸತ್ಯ, ಗುರುವಿಗೆ ಗೌರವ ಇವೆಲ್ಲ ಆಮೇಲೆ. ಕಡೆಗೆ ಬರೆದವನ ಹೆಸರು ಚಪಡ. ತನ್ನ ಕಸುಬನ್ನು ಹೇಳುವ ಪದವನ್ನು ಮಾತ್ರ ಅವನು ಈ ನಾಡಿಗೆ ಪರಕೀಯವಾದ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಚಕ್ರವರ್ತಿಯ ಕೆಲಸ ಮುಗಿಸಿ, ಮೂಲೆಯಲ್ಲಿ ತನ್ನದೊಂದು ಸಣ್ಣ ಗೀಟು ಎಳೆದ ಗುಮಾಸ್ತ. ಆಡಳಿತ ಮತ್ತು ಕಲೆ ಒಂದೇ ಕಲ್ಲಿನ ಮೇಲೆ ಕೂತ ಇಂಥ ಜಾಗದ ನೆರೆಯಲ್ಲೇ, ಕೂಡ್ಲಿಗಿಯಾಚೆಗಿನ ಬೆಟ್ಟಗಳ ನಡುವೆ, ಕಂಪನಿ, ಖಾತೆ ಮತ್ತು ಕ್ಯಾಮೆರಾ ಮೂರನ್ನೂ ಒಂದೇ ಬದುಕಿನಲ್ಲಿ ಹಿಡಿದ ಮನುಷ್ಯನೊಬ್ಬ ಇದ್ದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಅವರು ಸಂಡೂರಿನ ಎಂ.ವೈ. ಘೋರ್ಪಡೆ.

ಮೊಳಕಾಲ್ಮೂರಿನ ಬೋಳುಗುಡ್ಡ, ಕರಡಿ ಅವಿತುಕೊಳ್ಳುವ ಗುಂಡುಬಂಡೆಗಳನ್ನು ನೋಡುತ್ತ ಬಂದವರಿಗೆ ಸಂಡೂರು ಕಣಿವೆ ಬೇರೆಯೇ ಲೋಕ. ಸುತ್ತಲೂ ಬೆಟ್ಟದ ಕೋಟೆ, ಬೆಟ್ಟ ಸೀಳಿಕೊಂಡು ಹರಿಯುವ ನಾರಿಹಳ್ಳ, ಮೇಲೆ ಕಾಡಿನೊಳಗೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಅದರ ಪಕ್ಕ ಕುಮಾರಸ್ವಾಮಿ. ಮಳೆಗಾಲದಲ್ಲಿ ಕೆಂಪು ಮಣ್ಣಿನ ಮೇಲೆ ಹಸಿರು ಎಷ್ಟು ದಟ್ಟವಾಗುತ್ತದೆಂದರೆ, ಕೆಳಗೆ ಮಲಗಿರುವ ಕಬ್ಬಿಣ ಮತ್ತು ಮ್ಯಾಂಗನೀಸ್ ಮರೆತೇ ಹೋಗುತ್ತವೆ. ಈ ಪುಟ್ಟ ಸಂಸ್ಥಾನವನ್ನು ಆಳಿದ್ದು ಮರಾಠಾ ಮೂಲದ ಘೋರ್ಪಡೆ ಮನೆತನ. ಎಂ.ವೈ. ಅವರ ತಂದೆ ಯಶವಂತರಾವ್ ಘೋರ್ಪಡೆ 1932ರಲ್ಲೇ ರಾಜ್ಯದ ದೇವಸ್ಥಾನಗಳನ್ನು ಹರಿಜನರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೆ ಆಗಿನ್ನೂ ನಾಲ್ಕು ವರ್ಷ ಬಾಕಿ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. 1949ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ ಬಳ್ಳಾರಿ ಜಿಲ್ಲೆಗೆ ಸೇರಿತು. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದ ಮಗನ ಮುಂದೆ ಸಿಂಹಾಸನವಿರಲಿಲ್ಲ. ಬೆಟ್ಟವಿತ್ತು, ಬೆಟ್ಟದೊಳಗೆ ಅದಿರಿತ್ತು, ಬೆಟ್ಟದ ಸುತ್ತ ಜನರಿದ್ದರು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು. ಊರಿನವರ ಬಾಯಲ್ಲಿ ಅದು ಸ್ಮಯೋರ್.

ಕಂಪನಿಯ ಕಥೆಗೆ ಆಮೇಲೆ ಬರೋಣ. ಚಿತ್ರಗಳನ್ನು ನೋಡದೆ ಘೋರ್ಪಡೆಯವರನ್ನು ಓದಬಾರದು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಒಂದು ಸುವರ್ಣ ಕಾಲವಿತ್ತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಭಾರದ ಕ್ಯಾಮೆರಾ, ಉದ್ದದ ಲೆನ್ಸು, ಎಣಿಸಿ ಬಳಸಬೇಕಾದ ಫಿಲ್ಮು ಹೊತ್ತು ಕಾಡು ಅಲೆದ ಕಾಲ. ಆ ಸಾಲಿನಲ್ಲಿ ಘೋರ್ಪಡೆಯವರ ಜಾಗ ವಿಶಿಷ್ಟ. ಅವರ ಒಲವು ಕಪ್ಪುಬಿಳುಪಿನ ಮೇಲೆ. ಬಣ್ಣದ ಫಿಲ್ಮು ಕೈಗೆ ಸಿಗುತ್ತಿದ್ದ ಕಾಲದಲ್ಲೂ ಬಣ್ಣವನ್ನು ಬಿಟ್ಟುಕೊಟ್ಟವರು ಅವರು. 1983ರಲ್ಲಿ ಪ್ರಕಟವಾದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕ ಒಬ್ಬ ಕಾಡುಪ್ರೇಮಿಯ ದಿನಚರಿಯ ಧಾಟಿಯಲ್ಲಿದೆ. ಅದೇ ವರ್ಷ ಅಂತರರಾಷ್ಟ್ರೀಯ ಛಾಯಾಚಿತ್ರ ಕಲಾ ಒಕ್ಕೂಟ ಅವರಿಗೆ ‘ಮಾಸ್ಟರ್ ಫೋಟೋಗ್ರಾಫರ್’ ಗೌರವ ಕೊಟ್ಟಿತು. ಜಗತ್ತಿನಲ್ಲಿ ಬೆರಳೆಣಿಕೆಯ ಜನರಿಗೆ ಸಿಗುತ್ತಿದ್ದ ಮನ್ನಣೆ ಅದು.

ಕಪ್ಪುಬಿಳುಪಿನಲ್ಲಿ ಆನೆಯನ್ನು ತೆಗೆಯುವುದೆಂದರೆ ಏನು? ಆನೆ ಮೊದಲೇ ಬೂದು. ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಗೋಡೆಯ ಹಾಗೆ ಚಪ್ಪಟೆ. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಕಾಯಬೇಕು. ಆಗ ಚರ್ಮದ ಒಂದೊಂದು ಸುಕ್ಕಿಗೂ ಒಂದು ಬೆಳಕಿನ ದಡ, ಒಂದು ನೆರಳಿನ ದಡ. ಬೆಳಕು ಹಿಂದಿನಿಂದ ಬಂದರೆ ಇನ್ನೂ ಸೊಗಸು, ಇನ್ನೂ ಕಷ್ಟ. ಸೊಂಡಿಲಿನಿಂದ ಎರಚಿಕೊಂಡ ಧೂಳು ಬೆಳಗಿ ಪ್ರಾಣಿಯ ಸುತ್ತ ಪ್ರಭೆ ಕಟ್ಟುತ್ತದೆ, ಆದರೆ ಮೈಯ ವಿವರವೆಲ್ಲ ಕತ್ತಲಿಗೆ ಜಾರುತ್ತದೆ. ಆ ಕತ್ತಲನ್ನು ಎಷ್ಟು ಉಳಿಸಬೇಕು? ಪೂರಾ ಕಪ್ಪಾದರೆ ಆನೆ ಬರೀ ಕತ್ತರಿಸಿದ ಕಾಗದ. ಪೂರಾ ತೆರೆದರೆ ಪ್ರಭೆ ಸತ್ತುಹೋಗುತ್ತದೆ. ಈ ಎರಡರ ನಡುವಿನ ಎಳೆಯಷ್ಟು ಜಾಗದಲ್ಲಿ ನಿಲ್ಲುವುದೇ ಕಲೆ.

ಉಳಿದರ್ಧ ಕೆಲಸ ಕತ್ತಲೆ ಕೋಣೆಯಲ್ಲಿ. ಎನ್‌ಲಾರ್ಜರಿನ ಬೆಳಕು ಕಾಗದದ ಮೇಲೆ ಬೀಳುವಾಗ ಅಂಗೈ ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕು ತಡೆಯಬೇಕು, ಬೆರಳ ಸಂದಿಯಿಂದ ಇನ್ನೊಂದು ಭಾಗಕ್ಕೆ ಬೆಳಕು ಸುರಿಸಬೇಕು. ಕೆಂಪು ದೀಪದಡಿ, ಔಷಧದ ತಟ್ಟೆಯಲ್ಲಿ, ಬಿಳಿ ಹಾಳೆಯಿಂದ ಕಾಡು ಮೆಲ್ಲಗೆ ಮೂಡುತ್ತದೆ. ಇಂಥ ಕಾಲದಲ್ಲಿ ಕಲಿತವರ ಚಿತ್ರಗಳಲ್ಲಿ ಆತುರ ಇರುವುದಿಲ್ಲ. ಘೋರ್ಪಡೆಯವರ ಚಿತ್ರಗಳ ಮುಂದೆ ನಿಂತಾಗ ನನಗೆ ಮೊದಲು ಹಿಡಿಸುವುದು ಅದೇ. ಪ್ರಾಣಿ ಬೇಟೆಯಾಡುತ್ತಿರಬೇಕು, ಗರ್ಜಿಸುತ್ತಿರಬೇಕು, ನಮ್ಮತ್ತ ನುಗ್ಗುತ್ತಿರಬೇಕು ಎಂಬ ಹಟ ಅಲ್ಲಿಲ್ಲ. ಜಿಂಕೆ ತನ್ನ ಪಾಡಿಗೆ ಮಂಜಿನಲ್ಲಿ ನಿಂತಿರಬಹುದು. ಚೌಕಟ್ಟಿನ ಬಹುಪಾಲು ಬಿದಿರು, ಮಂಜು, ಖಾಲಿ ಆಕಾಶಕ್ಕೆ ಸೇರಿದ್ದು. ಪ್ರಾಣಿಗೆ ಅದರ ಕಾಡನ್ನು ಬಿಟ್ಟುಕೊಟ್ಟ ಚಿತ್ರ ಅದು. ಬುಟ್ಟಾಗಳ ನಡುವೆ ಬಯಲು ಬಿಟ್ಟ ಮೊಳಕಾಲ್ಮೂರು ಸೀರೆಯ ಒಡಲಿಗೂ ಇದಕ್ಕೂ ನೆಂಟಸ್ತನವಿದೆ.

ಇಂಥ ಕಣ್ಣಿನ ಮನುಷ್ಯ ಗಣಿ ನಡೆಸಿದ ಎಂಬುದೇ ರಸಿಕರನ್ನು ಕೆಣಕುವ ಸಂಗತಿ. ಗಣಿ ಎಂದರೆ ಬೆಟ್ಟಕ್ಕೆ ಗಾಯವೇ, ಯಾರು ತೋಡಿದರೂ. ಅದನ್ನು ಮುಚ್ಚಿಟ್ಟು ಗುಣಗಾನ ಮಾಡಿದರೆ ಅದು ರಸಾಸ್ವಾದ ಆಗುವುದಿಲ್ಲ, ಸನ್ಮಾನಪತ್ರವಾಗುತ್ತದೆ. ಆದರೆ ಮ್ಯಾಂಗನೀಸ್‌ನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಕಪ್ಪು, ಭಾರ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುವ ಈ ಕಲ್ಲಿಲ್ಲದೆ ಉಕ್ಕಿಲ್ಲ. ಕರಗಿದ ಕಬ್ಬಿಣದಲ್ಲಿರುವ ಆಮ್ಲಜನಕವನ್ನು, ಗಂಧಕವನ್ನು ಅದು ಹಿಡಿದು ತೆಗೆಯುತ್ತದೆ, ಉಕ್ಕಿಗೆ ಗಟ್ಟಿತನ ಕೊಡುತ್ತದೆ. ನೂರರಲ್ಲಿ ಹನ್ನೆರಡು ಪಾಲಿನಷ್ಟು ಮ್ಯಾಂಗನೀಸ್ ಸೇರಿದ ಉಕ್ಕಿಗೆ ಒಂದು ವಿಚಿತ್ರ ಗುಣ, ಏಟು ತಿಂದಷ್ಟೂ ಅದರ ಮೈ ಗಡಸಾಗುತ್ತದೆ. ರೈಲು ಹಳಿಗಳು ಒಂದನ್ನೊಂದು ಹಾಯುವಲ್ಲಿ, ಕಲ್ಲು ಪುಡಿ ಮಾಡುವ ಯಂತ್ರದ ದವಡೆಯಲ್ಲಿ ಅದನ್ನೇ ಹಾಕುತ್ತಾರೆ.

ಅದಿರನ್ನು ಅಗೆದು ಲಾರಿಗೆ ತುಂಬಿ ಕಳಿಸಿದರೆ ಅದು ವ್ಯಾಪಾರ. ಅದನ್ನು ಇಲ್ಲೇ ಕರಗಿಸಿ ಲೋಹ ಮಾಡಿದರೆ ಕೈಗಾರಿಕೆ. ಸ್ಮಯೋರ್ ಹೊಸಪೇಟೆ ಹತ್ತಿರದ ವ್ಯಾಸನಕೆರೆಯಲ್ಲಿ ಕುಲುಮೆ ಹಾಕಿ ಈ ಎರಡನೆಯ ದಾರಿ ಹಿಡಿಯಿತು. ಅದಿರು, ಕೋಕ್ ತುಂಬಿದ ರಾಶಿಯೊಳಗೆ ಇಂಗಾಲದ ದಪ್ಪ ಕಂಬಗಳನ್ನು ಹೂತು ವಿದ್ಯುತ್ ಹರಿಸಿ ಕರಗಿಸುವ ಕೆಲಸ ಅದು. ಕರೆಂಟಿನ ದರ ಏರಿದರೆ ಕುಲುಮೆಯ ಲೆಕ್ಕವೇ ತಪ್ಪುತ್ತದೆ. ಹಸಿ ಅದಿರು ಮಾರುವ ಸುಲಭದ ಹಾದಿ ಪಕ್ಕದಲ್ಲೇ ಇರುವಾಗ, ಈ ಕಷ್ಟದ ಹಾದಿ ಊರಿನ ಹುಡುಗರಿಗೆ ಫಿಟ್ಟರ್, ವೆಲ್ಡರ್, ಕುಲುಮೆ ಕೆಲಸಗಳ ಕಸುಬು ಕಲಿಸುತ್ತದೆ.

ಈ ಕಂಪನಿಯ ಬಗ್ಗೆ ನನಗೆ ಬಹಳ ಇಷ್ಟವಾದ ವಿವರ ಕುಲುಮೆಯದಲ್ಲ, ರೇಷನ್ನಿನದು. ಕಾರ್ಮಿಕರ ಮನೆಗಳಿಗೆ ಕಾಳುಕಡಿಗಳನ್ನು 1972ರ ಬೆಲೆಯಲ್ಲೇ ಕೊಡುವ ಪದ್ಧತಿಯನ್ನು ಅದು ದಶಕಗಟ್ಟಲೆ ನಡೆಸಿಕೊಂಡು ಬಂದಿದೆ. ಸಂಬಳ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ, ಊಟದ ಬೆಲೆ ಮಾತ್ರ ನಿಂತಲ್ಲೇ ನಿಂತಿದೆ. ಬರದ ಸೀಮೆಯವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮೊದಲು ಏರುವುದು ಜೋಳದ ದರ, ಮೊದಲು ಮಾರಾಟವಾಗುವುದು ಹೆಂಡತಿಯ ಬೆಳ್ಳಿ. ಆ ಭಯವನ್ನು ಗೊತ್ತುಮಾಡಿಕೊಂಡು, ಅದರ ಬೇರಿಗೇ ಕೈಹಾಕಿದ ಏರ್ಪಾಡು ಇದು. ಕಂಪನಿಗಳ ವಾರ್ಷಿಕ ವರದಿಯಲ್ಲಿ ಸಮಾಜಸೇವೆಗೆಂದೇ ಬಣ್ಣದ ಪುಟಗಳು ಬರುವುದಕ್ಕೆ ಬಹಳ ಮುಂಚಿನ ಮಾತು. ಸೊಗಸಾದ ವಸ್ತುಗಳ ಪಟ್ಟಿ ಮಾಡುವುದಾದರೆ ನಾನು ಈ ರೇಷನ್ ಚೀಟಿಯನ್ನೂ ಅದರಲ್ಲಿ ಸೇರಿಸುತ್ತೇನೆ.

ಸಾರ್ವಜನಿಕ ಬದುಕಿನಲ್ಲಿ ಘೋರ್ಪಡೆ ಸಂಡೂರಿನಿಂದ ಮತ್ತೆ ಮತ್ತೆ ಶಾಸಕರಾದರು. 1972ರಿಂದ 1977ರವರೆಗೆ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರು. ಉಳುವವನಿಗೆ ಭೂಮಿ ಕೊಟ್ಟ ಮಂತ್ರಿಮಂಡಲದ ಖಜಾನೆಯ ಕೀಲಿ ಒಬ್ಬ ರಾಜಮನೆತನದವರ ಕೈಯಲ್ಲಿತ್ತು ಎಂಬುದು ಕರ್ನಾಟಕದ ರಾಜಕಾರಣದ ಚೆಂದದ ವ್ಯಂಗ್ಯಗಳಲ್ಲಿ ಒಂದು. ವ್ಯಂಗ್ಯಕ್ಕೆ ಇನ್ನೊಂದು ಮುಖವೂ ಉಂಟು. 1973ರಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ಗೇಣಿದಾರರು ನಡೆಸಿದ ಸಂಡೂರು ಭೂಹೋರಾಟ ಅದೇ ಹಣಕಾಸು ಸಚಿವರ ಸ್ವಂತ ಊರಿನಲ್ಲಿ ನಡೆಯಿತು. ಘೋರ್ಪಡೆಯವರ ಚಿತ್ರಗಳಲ್ಲಿ ನೆರಳನ್ನು ಮೆಚ್ಚಿದವರು ಅವರ ಬದುಕಿನ ಚಿತ್ರದಿಂದ ಈ ನೆರಳನ್ನು ಅಳಿಸಬಾರದು. ಅರಮನೆಯ ಹಳೆಯ ನೆಲ ಮತ್ತು ಹೊಸ ನ್ಯಾಯ ಎರಡೂ ಒಬ್ಬನ ಹೆಗಲ ಮೇಲೆ ಕೂತಾಗ ತೂಕ ಸರಿಸಮ ಬರುವುದಿಲ್ಲ.

ಅವರ ಸಾರ್ವಜನಿಕ ಕೆಲಸದಲ್ಲಿ ನನಗೆ ಕಲಾವಿದನ ಕೈ ಕಾಣುವುದು ಗ್ರಾಮೀಣಾಭಿವೃದ್ಧಿ ಖಾತೆಯಲ್ಲಿ. 1993ರ ಏಪ್ರಿಲ್ 24ರಂದು ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂತು. ಮೇ 10ರಂದು ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ ಜಾರಿಯಾಯಿತು. ಆಗ ಆ ಖಾತೆ ಘೋರ್ಪಡೆಯವರದು. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತ, ಗ್ರಾಮಸಭೆ, ಮೂರನೇ ಒಂದು ಪಾಲು ಹೆಂಗಸರಿಗೆ. 1980ರ ದಶಕದಲ್ಲಿ ಇದೇ ಖಾತೆಯ ಸಚಿವರಾಗಿದ್ದ ನಜೀರ್ ಸಾಬರು ಬಿತ್ತಿದ್ದ ಬೀಜಕ್ಕೆ ಇದು ಇನ್ನೊಂದು ಬೇಸಾಯ. ಜಿಲ್ಲಾಮಟ್ಟದಲ್ಲಿ ಜನಪ್ರತಿನಿಧಿಗಳಿಗೆ ನಜೀರ್ ಸಾಬರ ಕಾಲದಷ್ಟು ಬಲ ಉಳಿಯಲಿಲ್ಲ ಎಂಬ ಆಕ್ಷೇಪಣೆ ಆಗಲೂ ಇತ್ತು, ಈಗಲೂ ಇದೆ. ಆದರೂ ಅಧಿಕಾರದಲ್ಲಿರುವವನು ಅಧಿಕಾರವನ್ನು ಕೆಳಗೆ ಬಿಟ್ಟುಕೊಡುವ ಕಾನೂನು ಬರೆಯುವುದು, ಕ್ಯಾಮೆರಾ ಹಿಡಿದವನು ಚೌಕಟ್ಟಿನ ಬಹುಪಾಲನ್ನು ಕಾಡಿಗೆ ಬಿಡುವುದು, ಎರಡರ ಮನಸ್ಸು ಒಂದೇ ಕಡೆ ವಾಲಿದೆ. 1999ರ ನಂತರ ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲೂ ಅವರು ಇದೇ ಖಾತೆಗೆ ಹಿಂದಿರುಗಿದರು.

ಮತ್ತೆ ಬಟ್ಟೆಗೆ ಬರೋಣ. 1980ರ ದಶಕದಲ್ಲಿ ಕಂಪನಿ ಮತ್ತು ಘೋರ್ಪಡೆ ಮನೆತನದ ಆಸರೆಯಲ್ಲಿ ಬೆಳೆದ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರ ಕಸೂತಿಗೆ ಒಂದು ಮನೆಯಾಯಿತು. ತಾಂಡಾದ ಕಸೂತಿ ಅಂಗಡಿಗೆಂದು ಹುಟ್ಟಿದ್ದಲ್ಲ. ಮಗಳ ಮದುವೆಗೆ, ತನ್ನ ಕಾಂಚಳಿಗೆ, ಎತ್ತಿನ ಕೊಂಬಿಗೆ ಹೊಲಿದದ್ದು. ಕಿಲನ್, ವೇಲೆ, ಬಕ್ಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ತೇರಾ ದೋರಾ, ನಕ್ರಾ ಎಂದು ಹೊಲಿಗೆಗೆ ಒಂದೊಂದು ಹೆಸರು, ಒಟ್ಟು ಹದಿನಾಲ್ಕು ಬಗೆ. ಕನ್ನಡಿ, ಕವಡೆ, ಕಡುಗೆಂಪು, ಕಡುನೀಲಿ. ಮೊದಲ ನೋಟಕ್ಕೆ ಇಲ್ಲಿ ಬಿಡುವುದೆಂಬುದೇ ಇಲ್ಲ, ಬಟ್ಟೆಯ ಅಂಗುಲ ಅಂಗುಲವೂ ತುಂಬಿದೆ. ಹತ್ತಿರದಿಂದ ನೋಡಿದರೆ ಹೊಲಿಗೆಗಳ ನಡುವೆ ನೆಲದ ಬಟ್ಟೆ ಎಳೆಯಷ್ಟೇ ಕಾಣುವ ಹಾಗೆ ಬಿಟ್ಟ ಗೆರೆಗಳಿವೆ. ಆ ಗೆರೆಗಳಿಲ್ಲದಿದ್ದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ಜಗಳವಾಡುತ್ತಿದ್ದವು.

ಹೊರಗಿನಿಂದ ಬಂದ ಸಂಸ್ಥೆಯೊಂದು ಇಂಥ ಕಸುಬನ್ನು ಕೈಗೆತ್ತಿಕೊಂಡಾಗ ಅಪಾಯ ಇರುವುದು ಮೆಚ್ಚುಗೆಯಲ್ಲೇ. ಪೇಟೆಗೆ ಬೇಕೆಂದು ಬಣ್ಣ ತೆಳುವಾಗುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಮೊಳಕಾಲ್ಮೂರಿನ ಮಗ್ಗಗಳೂ ಈ ಕಷ್ಟವನ್ನು ಕಂಡಿವೆ. ವಿದ್ಯುತ್ ಮಗ್ಗದಲ್ಲಿ ಅದೇ ಅಂಚನ್ನು ಅಗ್ಗಕ್ಕೆ ತೆಗೆಯಬಹುದು, ಮೂರು ಲಾಳಿಯ ಕೂಡುಗೆರೆಯನ್ನು ಕೊಳ್ಳುವವರು ತಿರುಗಿಸಿ ನೋಡುವುದಿಲ್ಲ. ಸಂಡೂರಿನಲ್ಲಿ ಹೊಸ ವಸ್ತುಗಳು ಬಂದವು, ದಿಂಬಿನ ಚೀಲ, ಕೈಚೀಲ, ದುಪಟ್ಟಾ ಬಂದವು. ಹೊಲಿಗೆಯ ಹೆಸರುಗಳು ಹೋಗಲಿಲ್ಲ. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಈ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ದಾಖಲೆಯ ಅಂಕಿಗಿಂತ ದೊಡ್ಡದು ಅದರ ಹಿಂದಿನ ಕೂಲಿ: ಗಣಿ ಸೀಮೆಯಲ್ಲಿ ಹೆಂಗಸರ ಕೈಗೆ ಅದಿರಿನ ಬುಟ್ಟಿಯ ಬದಲು ಸೂಜಿಯೂ ಅನ್ನ ಕೊಡಬಲ್ಲದು ಎಂದು ಗೊತ್ತಾದದ್ದು. 1959ರಲ್ಲಿ ಆರಂಭವಾದ ಸಂಡೂರು ವಸತಿ ಶಾಲೆಯನ್ನೂ ಈ ಮಾಲೆಯಲ್ಲಿ ಪೋಣಿಸಬೇಕು. ಗಣಿ ಊರು ಮಕ್ಕಳನ್ನು ಗಣಿಗಷ್ಟೇ ಬೆಳೆಸಬಾರದೆಂಬ ತಿಳಿವಳಿಕೆ ಅದರ ತಳಹದಿ.

ಈ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಗಗನಕ್ಕೇರಿತು. ಸಂಡೂರು, ಹೊಸಪೇಟೆ, ಬಳ್ಳಾರಿಯ ರಸ್ತೆಗಳು ಕೆಂಪು ಧೂಳಿನಲ್ಲಿ ಮುಳುಗಿದವು. ಲಾರಿಗಳ ಸಾಲು ರಾಂಪುರದವರೆಗೂ, ಚಳ್ಳಕೆರೆಯ ಹೆದ್ದಾರಿಯವರೆಗೂ ಚಾಚಿತು. ಎಷ್ಟು ಬಿಡಬೇಕೆಂದು ಕೇಳುವವರೇ ಇಲ್ಲದ ಕಾಲ ಅದು. ಕೊನೆಗೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್ 29ರಂದು ಘೋರ್ಪಡೆಯವರು ತೀರಿಕೊಂಡರು. ಗಣಿಗಳು ಮತ್ತೆ ತೆರೆದಾಗ ಕೋರ್ಟು ಒಂದು ಮಿತಿ ಹಾಕಿತ್ತು. ವರ್ಷಕ್ಕೆ ಬಳ್ಳಾರಿಗೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರು ಎರಡಕ್ಕೂ ಸೇರಿ 50 ಲಕ್ಷ ಟನ್. ಮುಂದೆ ಅದು ಸಡಿಲವಾಯಿತು.

ಆ ಅಂಕಿಗಳನ್ನು ನಾನು ಕಾನೂನಿನ ಮಾತೆಂದು ಓದುವುದಿಲ್ಲ. ನೇಕಾರರು ಯಾರೂ ಹೇಳದೆ ಪಾಲಿಸುವ, ಛಾಯಾಗ್ರಾಹಕ ಬೆರಳ ಸಂದಿಯಲ್ಲಿ ಅಳೆಯುವ ಹದವನ್ನು ಒಂದು ಇಡೀ ಉದ್ಯಮಕ್ಕೆ ನ್ಯಾಯಾಲಯ ಟನ್ನಿನ ಲೆಕ್ಕದಲ್ಲಿ ಬರೆದು ಕೊಡಬೇಕಾಯಿತು. ರಸಿಕತೆ ಉದ್ಯಮಿಯ ಬಿಡುವಿನ ಹವ್ಯಾಸ, ದಿವಾನಖಾನೆಯ ಗೋಡೆಗೆ ತೂಗುಹಾಕುವ ಅಲಂಕಾರ ಎಂದು ನಾವು ತಿಳಿದಿದ್ದೇವೆ. ಘೋರ್ಪಡೆಯವರ ಬದುಕನ್ನು ಅದರ ಬೆಳಕು ನೆರಳುಗಳೊಂದಿಗೆ ಸವಿದವರಿಗೆ ಹಾಗನ್ನಿಸುವುದಿಲ್ಲ. ಬೆಟ್ಟದ ಮುಂದೆ ನಿಂತವನಿಗೆ ಲಾಭದ ಲೆಕ್ಕ ಯಾವ ಗುಮಾಸ್ತನೂ ಹೇಳಿಕೊಡಬಲ್ಲ. ಸಾಕು ಎನ್ನುವ ಲೆಕ್ಕವನ್ನು ಅವನು ಒಳ್ಳೆಯ ವಸ್ತುಗಳ ಸಹವಾಸದಲ್ಲೇ ಕಲಿಯಬೇಕು.